ಒದ್ದೆಯಾಗದ ಜೌಗು

ಜೌಗು ರಕ್ಷಿತ ಪ್ರದೇಶ ನೋಡಲು ಬಂದವರ ದೂರುಗಳಲ್ಲೆಲ್ಲ ಅತಿ ಗಂಭೀರವಾದದ್ದು, ಅಲ್ಲಿ ಒದ್ದೆ ಇದೆ ಎಂಬುದು. ಶೂ ನೆನೆಯುತ್ತದೆ, ಪ್ಯಾಂಟಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಇಲಾಖೆ ಬಲು ಜನಪರ. ಜನರ ಕಣ್ಣೀರು ಒರೆಸಲು ಅದಕ್ಕೆ ಪುರುಸೊತ್ತಿಲ್ಲ, ಶೂ ಒರೆಸಲು ಮಾತ್ರ ಒಂಟಿಕಾಲಲ್ಲಿ ನಿಂತಿರುತ್ತದೆ. ನಡೆದು ನೋಡಲೆಂದು ಹಾಸಿದ್ದ ಹಲಗೆ ದಾರಿಯ ಪಕ್ಕದಲ್ಲೇ ಆಳದ ಕಾಲುವೆ ತೋಡಿಸಿ, ಜೌಗಿನ ನೀರನ್ನೆಲ್ಲ ಹೊರಗೆ ಹರಿಸಿಬಿಟ್ಟಿತು. ಪಾಚಿ ಹಳೇ ರಟ್ಟಿನಂತೆ ಒಣಗಿತು. ಹುಳ ಹಿಡಿದು ತಿನ್ನುವ ಗಿಡಗಳು ತಾವೇ ಕರಕಲಾದವು. ದಾರಿಯ ಕೊನೆಯಲ್ಲಿ ಒಂದು ಹಸಿ ಮೂಲೆಯಷ್ಟೇ ಜೀವ ಹಿಡಿದುಕೊಂಡಿತ್ತು.

ಬಂದವರನ್ನು ಸುತ್ತಾಡಿಸಿ ವಿವರಿಸುವ ಕೆಲಸ ಗೈಡಮ್ಮನದು. ಮಗಳು ತೊಟ್ಟಿಲಲ್ಲಿದ್ದಾಗ ಸೇರಿದ್ದು ತಾತ್ಕಾಲಿಕ ಕೆಲಸಕ್ಕೆ. ಮಗಳು ಈಗ ಅವಳಿಗಿಂತ ಒಂದು ಗೇಣು ಎತ್ತರವಾಗಿದ್ದಳು, ಕೆಲಸ ಮಾತ್ರ ತಾತ್ಕಾಲಿಕವಾಗಿಯೇ ಇತ್ತು.

ಅವತ್ತು ಇಲಾಖೆಯ ದೊಡ್ಡ ಸಾಹೇಬರು ಅತ್ತೆಯನ್ನು ಕರೆದುಕೊಂಡು ಜೌಗು ತೋರಿಸಲು ಬರುವವರಿದ್ದರು. ಜೌಗಿನಲ್ಲಿ ನೀರಿಲ್ಲವಲ್ಲ ಎಂದು ಮೇಲ್ವಿಚಾರಕ ಬೆಳಿಗ್ಗೆಯೇ ಟ್ಯಾಂಕರ್ ತರಿಸಿ, ಪೊದೆಯ ಹಿಂದೆ ಮರೆಮಾಡಿ, ಪೈಪು ಬಿಡಿಸಿದ್ದ. ಸುರಿದದ್ದೆಲ್ಲ ನೇರವಾಗಿ ಕಾಲುವೆ ಸೇರುತ್ತಿತ್ತು.

"ಸಾಹೇಬ್ರು ಖುಷಿಯಾದ್ರೆ ನಿನ್ ಕೆಲ್ಸ ಕಾಯಂ. ಬಾಯಿಗೆ ಬೀಗ ಹಾಕ್ಕೊಂಡಿರು."

"ಬಾಯಿಗೆ ಬೀಗ ಹಾಕ್ಕೊಂಡು ಗೈಡ್ ಕೆಲ್ಸ ಹೆಂಗೆ ಮಾಡೋದು ಸಾರ್?"

"ಬೋರ್ಡಲ್ಲಿ ಇರೋದನ್ನ ಓದು, ಸಾಕು."

ಸಾಹೇಬರು ಬಂದರು. ಗೈಡಮ್ಮ ಓದಿದಳು: "ಹಲಗೆ ಬಿಟ್ಟು ಕೆಳಗಿಳಿಯಬೇಡಿ. ಮುಳುಗುವ ಅಪಾಯವಿದೆ." ಅಷ್ಟರಲ್ಲಿ ಅತ್ತೆಯವರು ಕೆಳಗಿಳಿದು ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು.

"ಎಲ್ಲಿ ತಾಯಿ ಮುಳುಗೋದು? ನಮ್ಮನೆ ಅಂಗಳಾನೂ ಇಷ್ಟು ಗಟ್ಟಿಯಿಲ್ಲ."

"ಅತ್ತೆ, ಮೇಲೆ ಬನ್ನಿ, ಅಪಾಯ," ಎಂದರು ಅಳಿಯ.

"ಅಪಾಯ ಮಾಡೋಕೆ ಕೆಸರಾದ್ರೂ ಬೇಡ್ವೇನಪ್ಪ?"

ಗೈಡಮ್ಮನಿಗೆ ತಡೆಯಲಾಗಲಿಲ್ಲ. "ನೀರೆಲ್ಲ ಈ ಕಾಲುವೇಲಿ ಹೋಗ್ಬಿಡ್ತು ಅಜ್ಜಿ. ಇನ್ನು ಜೀವ ಇರೋದು ಆ ಮೂಲೇಲಿ ಮಾತ್ರ."

ಮೇಲ್ವಿಚಾರಕ ಕ್ಷಯರೋಗಿಯಂತೆ ಕೆಮ್ಮಿದ. ಆದರೆ ಸಾಹೇಬರ ಮುಖ ಅರಳಿತು.

"ಅಂದ್ರೆ ಇನ್ಮೇಲೆ ಈ ಕಡೆ ಶೂ ದೂರೇ ಬರಲ್ಲ! ಮತ್ತೆ ಆ ಮೂಲೇನ ಯಾಕ್ರೀ ಬಿಟ್ರಿ? ಅಲ್ಲಿಗೂ ಕಾಲುವೆ ಎಳೀರಿ. ಈಯಮ್ಮಂಗೆ ಎಷ್ಟು ಕಾಳಜಿ ನೋಡಿ. ಇವರನ್ನೇ ಕಾಯಂ ಮಾಡಿ, ಉಸ್ತುವಾರೀನೂ ಕೊಡಿ. ಮೊದಲ ಏಟು ಇವರ ಕೈಯಿಂದ್ಲೇ ಬೀಳ್ಲಿ!"

ಕಾಯಂ. ಆ ಮಾತು ಕೇಳಲೆಂದೇ ಅವಳು ಇಷ್ಟು ವರ್ಷ ಎಷ್ಟು ಜನರ ಮುಂದೆ ಹಲ್ಲು ಗಿಂಜಿದ್ದಳೋ. ಕೊನೆಗೂ ಕೇಳಿತು. ಆದರೆ ಆ ಮೂಲೆಯೂ ಒಣಗಿದರೆ ತಾನು ಕಾಯಂ ಆಗಿ ತೋರಿಸುವುದಾದರೂ ಏನನ್ನು? ಬೋರ್ಡನ್ನೇ?

ಮೇಲ್ವಿಚಾರಕ ಅವಳ ಕೈಗೆ ಗುದ್ದಲಿ ತುರುಕಿ, ಮೊಬೈಲ್ ಎತ್ತಿ ಹಿಡಿದ. "ಸ್ವಲ್ಪ ನಗಮ್ಮ!"

ಅವಳು ನಕ್ಕಳು. ಆಮೇಲೆ ಮೂಲೆಗೆ ಬೆನ್ನು ತಿರುಗಿಸಿ, ಹಳೆಯ ಕಾಲುವೆಯ ದಂಡೆಯ ಮಣ್ಣಿಗೆ ಗುದ್ದಲಿ ಹಾಕಿ, ಎಳೆದು ಒಳಕ್ಕೆ ಕೆಡವಿದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಮತ್ತೆ ಎಳೆದಳು. ಮತ್ತೂ ಎಳೆದಳು. ಚಪ್ಪಾಳೆಯ ಸದ್ದು ಸಣ್ಣಗಾಯಿತು.

"ಏಯ್, ತೋಡು ಅಂದ್ರೆ ಮುಚ್ತೀಯಲ್ಲೇ!" ಮೇಲ್ವಿಚಾರಕ ಕಿರುಚಿದ.

ಹೋಗಲು ದಾರಿ ಕಾಣದೆ ಟ್ಯಾಂಕರಿನ ನೀರು ಹಿಂದಕ್ಕೆ ತಿರುಗಿತು. ಒಣ ಪಾಚಿಯ ಬಿರುಕುಗಳನ್ನು ತುಂಬಿತು. ಹಲಗೆಗಳ ಸಂದಿನಿಂದ ಮೇಲೆದ್ದು, ಯಾವ ಅಪ್ಪಣೆಯನ್ನೂ ಕೇಳದೆ, ಸಾಹೇಬರ ಶೂಗಳ ಒಳಗೆ ಹೊಕ್ಕಿತು.

"ನಿನ್ ಕೆಲ್ಸ ಹೋಯ್ತು, ತಿಳ್ಕೋ!" ಎಂದ ಮೇಲ್ವಿಚಾರಕ.

"ಆಗ್ಲಿ ಸಾರ್," ಎಂದಳು ಅವಳು. ಕಾಲುವೆಯಲ್ಲಿ ಇನ್ನೂ ಒಂದು ಸಂದು ಉಳಿದಿತ್ತು. ಅಲ್ಲಿಗೂ ಮಣ್ಣೆಳೆದಳು.