ಹೆಚ್ಚಾದ ಮೂವತ್ತೆಂಟು ನಿಮಿಷ

ಈವರೆಗೆ ಆಡಿದ್ದು ಅರವತ್ತೊಂದು ಗಂಟೆ ಐವತ್ತು ನಿಮಿಷ ಎಂದು ಪುಟ್ಟ ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳು ತೋರಿಸುತ್ತಿದ್ದವು. ಪತ್ತೇದಾರಿ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದಳು. ನಿನ್ನೆ ಆಟ ಮುಗಿಸುವಾಗ ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಅರವತ್ತೊಂದು ಗಂಟೆ ಹನ್ನೆರಡು ನಿಮಿಷ. ಈಗಷ್ಟೇ ಶಾಲೆಯಿಂದ ಬಂದು ಆಟದ ಡಬ್ಬಿ ತೆರೆದಿದ್ದಾಳೆ, ಪರದೆಯ ಮೇಲೆ ಆಡಿಸುವ ಕಡ್ಡಿಯನ್ನು ಇನ್ನೂ ಹೊರಗೆ ಕೂಡ ತೆಗೆದಿಲ್ಲ. ಹಾಗಾದರೆ ನಡುವಿನ ಮೂವತ್ತೆಂಟು ನಿಮಿಷ ಆಡಿದವರು ಯಾರು?

ಪತ್ತೇದಾರಿ ಎಂಬುದು ಅಮ್ಮ ಇಟ್ಟ ಅಡ್ಡಹೆಸರು. ಹನ್ನೆರಡು ವರ್ಷದ ಆ ಹುಡುಗಿಗೆ ಎಲ್ಲದರ ಮೇಲೂ ಅನುಮಾನ. ಬಿಸ್ಕತ್ತಿನ ಡಬ್ಬದಲ್ಲಿ ಒಂದು ಕಡಿಮೆಯಾದರೆ ಗೊತ್ತು, ಎದುರುಮನೆಯ ಕಿಟಕಿಯ ಪರದೆ ಎರಡು ದಿನದಿಂದ ಸರಿದಿಲ್ಲವೆಂದರೆ ಅದೂ ಗೊತ್ತು. "ನಿನ್ನನ್ನ ಪೊಲೀಸ್ ಠಾಣೇಲಿ ಹೆರಬೇಕಿತ್ತು ಕಣೇ" ಎಂದು ಅಮ್ಮ ನಗುತ್ತಿದ್ದಳು. ಈಚೆಗೆ ನಗುವುದು ಕಡಿಮೆಯಾಗಿತ್ತು, ಯಾಕೆಂದರೆ ನಾಲ್ಕು ತಿಂಗಳಿನಿಂದ ಪತ್ತೇದಾರಿಯ ಕಣ್ಣೆಲ್ಲ ಒಬ್ಬರ ಮೇಲೆಯೇ.

ಆ ಒಬ್ಬರು ಅಮ್ಮನ ಹೊಸ ಗಂಡ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಅಪ್ಪ ಎನ್ನುವುದು ಹೇಗೂ ಸಾಧ್ಯವಿರಲಿಲ್ಲ. ಅಂಕಲ್ ಎನ್ನಲೂ ಅವಳಿಗೆ ಮನಸ್ಸಿರಲಿಲ್ಲ. ತೀರಾ ಅನಿವಾರ್ಯವಾದಾಗ ಗೋಡೆಯ ಕಡೆ ಮುಖ ಮಾಡಿ "ಬಚ್ಚಲಲ್ಲಿ ಟವೆಲ್ ಇಲ್ಲ" ಎನ್ನುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಅವರನ್ನು ಕನ್ನಡಕದವರು ಎಂದು ಕರೆಯುತ್ತಿದ್ದಳು. ಅಮ್ಮ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆಂದು ಬೆಳಿಗ್ಗೆ ಆರೂವರೆಗೇ ಹೊರಡುತ್ತಾಳೆ. ಪತ್ತೇದಾರಿ ಎಂಟಕ್ಕೆ ಶಾಲೆಗೆ. ಅಂಗಡಿ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಕನ್ನಡಕದವರು ಒಬ್ಬರೇ. ಇನ್ನು ಇದರಲ್ಲಿ ಪತ್ತೆ ಮಾಡುವುದು ಏನಿದೆ?

ಆದರೆ ಯಾಕೆ ಎಂಬ ಪ್ರಶ್ನೆ ಉಳಿದಿತ್ತಲ್ಲ.

ಅಮ್ಮ ಡಬ್ಬಿ ಎಂದು ಕರೆಯುತ್ತಿದ್ದ ಆ ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲಿ ಇದ್ದದ್ದು ಒಂದೇ ಗೇಮು. ಅದರಲ್ಲಿ ಆಡುವವರು ಕಾಡಿನ ರೇಂಜರ್. ಬಂದೂಕಿಲ್ಲ, ಬಲೆ ಇಲ್ಲ. ಎದುರಿಗೆ ಕಾಡುಪ್ರಾಣಿ ಬಂದಾಗ ಪರದೆಯ ಮೇಲೆ ಕಡ್ಡಿ ಎತ್ತದೆ ಅದರ ಸುತ್ತ ಗೆರೆ ಎಳೆಯುತ್ತಾ ಹೋಗಬೇಕು. ಸುತ್ತು ಹೆಚ್ಚಿದಂತೆ ಅದರ ಸಿಟ್ಟು ಇಳಿಯುತ್ತದೆ, ಆಮೇಲೆ ಅದು ಸ್ನೇಹಕ್ಕೆ ಬರುತ್ತದೆ. ನಡುವೆ ಪ್ರಾಣಿ ನುಗ್ಗಿ ಗೆರೆ ಕಡಿದರೆ ಎಲ್ಲ ಮೊದಲಿನಿಂದ. ಡಬ್ಬಿ ತಂದುಕೊಟ್ಟಿದ್ದು ಅಪ್ಪ. ದೊಡ್ಡ ಬಿಳಿ ಗೂಬೆಯೊಂದರ ಮುಂದೆ ಅವಳು ಏಳು ಸಲ ಸೋತು ಅಳುತ್ತಾ ಕೂತಾಗ, ಅಪ್ಪನೇ ಕಡ್ಡಿ ಕಿತ್ತುಕೊಂಡು ಉಸಿರು ಬಿಗಿಹಿಡಿದು ಹನ್ನೆರಡು ಸುತ್ತು ಹಾಕಿ ಅದನ್ನು ಒಲಿಸಿಕೊಟ್ಟಿದ್ದ. "ನೋಡು, ಇವನು ಗುಮ್ಮಣ್ಣ. ಇನ್ಮೇಲೆ ನಿನ್ನ ಬಾಡಿಗಾರ್ಡು" ಎಂದಿದ್ದ. ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ಮನೆ ಬಿಟ್ಟ. ಬೇರೆ ಊರು, ಬೇರೆ ಸಂಸಾರ. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗಾಯಿತು, ಆಮೇಲೆ ಅದೂ ನಿಂತಿತು. ಗುಮ್ಮಣ್ಣ ಮಾತ್ರ ರೇಂಜರಿನ ಹೆಗಲ ಮೇಲೆ ಕೂತೇ ಇದ್ದ.

ಗೇಮಿನ ಕಥೆ ಮುಗಿದು ಹದಿನಾಲ್ಕು ತಿಂಗಳಾಗಿತ್ತು, ಆದರೂ ಅದೇ ಕಾಡಿನಲ್ಲಿ ಸ್ವಲ್ಪ ಹೊತ್ತು ಆಡುವುದನ್ನು ಅವಳು ಬಿಟ್ಟಿರಲಿಲ್ಲ. ಉಳಿದಿದ್ದು ಒಂದೇ ಪ್ರಶ್ನೆ. ಡಬ್ಬಿ ತೆರೆದಾಗಲೆಲ್ಲ ಕಾಡಿನ ಗೇಟಿನ ಬಳಿ ನಿಂತ ಮುಖ್ಯ ರೇಂಜರ್ ಕೇಳುತ್ತಾನೆ: ಸಂಗಾತಿಯನ್ನು ಕಾಡಿಗೆ ಕಳಿಸೋಣವೇ? ಅವಳು ದಿನವೂ "ಇಲ್ಲ" ಎಂಬುದನ್ನೇ ಮುಟ್ಟುತ್ತಿದ್ದಳು. ಒಮ್ಮೆ "ಹೌದು" ಎಂದರೆ ಮುಗಿಯಿತು, ಗುಮ್ಮಣ್ಣ ಮರಳಿ ಬರುವುದಿಲ್ಲ. ಈಗ ಯಾವುದೋ ಬೇರೆ ಕೈ ಆ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಿದೆ ಎಂದರೆ ಅವಳ ಎದೆ ಹೇಗೆ ಹೊಡೆದುಕೊಂಡಿರಬೇಡ!

ಅವಳು ಅಮ್ಮನಿಗೆ ಹೇಳಲಿಲ್ಲ. ಸಾಕ್ಷಿ ಬೇಕಿತ್ತು. ಮದುವೆಗೆ ಮುಂಚೆ ಅಮ್ಮ ಅವರಿಗೆ ಒಂದೇ ಒಂದು ಷರತ್ತು ಹಾಕಿದ್ದನ್ನು ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. "ಅವಳ ಸಾಮಾನು ಮುಟ್ಟಬೇಡಿ. ಅವಳಾಗಿ ಕೊಟ್ರೆ ಸರಿ, ಇಲ್ಲಾಂದ್ರೆ ಇಲ್ಲ. ಇದೊಂದು ತಪ್ಪಿದ್ರೆ ನಾನು ಸುಮ್ನಿರಲ್ಲ." ಕನ್ನಡಕದವರು ಆಗಲಿ ಎಂದಿದ್ದರು. ಹಾಗಾಗಿ ಕೈಗೆ ಸಿಕ್ಕಿಬಿದ್ದರೆ ಅವರ ಕಥೆ ಮುಗಿದ ಹಾಗೆಯೇ. ಅದೇ ಅವಳಿಗೂ ಬೇಕಾಗಿತ್ತು.

ಯಾಕೆಂದರೆ ಅವರ ಆಟ ಅವಳಿಗೆ ಎಂದೋ ಗೊತ್ತಾಗಿತ್ತು. ಬಂದ ಮೊದಲ ವಾರವೇ ಕಿತ್ತಳೆ ಸುಲಿದು ತಟ್ಟೆಯಲ್ಲಿ ಅವಳ ಮೇಜಿನ ಮೇಲೆ ಇಟ್ಟರು. ಒಂದು ಸುತ್ತು. ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿ ಜೋಡಿಸಿದರು. ಎರಡನೆಯ ಸುತ್ತು. ಕಿರುಗುಟ್ಟುತ್ತಿದ್ದ ಅವಳ ಕೋಣೆಯ ಬಾಗಿಲಿಗೆ ಎಣ್ಣೆ ಹಾಕಿದರು. ಮೂರು. ಹತ್ತಿರ ಬರುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ, ಸುತ್ತಲೂ ಗೆರೆ ಎಳೆಯುತ್ತಾ ಇರುತ್ತಾರೆ. ನಾನೇನು ಅಳಿಲೇ, ಮೊಲವೇ, ಹೀಗೆ ಒಲಿಸಿಕೊಳ್ಳೋಕೆ? ಅವಳು ಪ್ರತಿ ಸಲವೂ ನುಗ್ಗಿ ಗೆರೆ ಕಡಿದಳು. ಕಿತ್ತಳೆ ತೊಳೆಗಳು ಮೇಜಿನ ಮೇಲೆಯೇ ಒಣಗಿದವು.

ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಡಬ್ಬಿಯ ಮುಚ್ಚಳದ ನಡುವೆ ತನ್ನ ಒಂದು ಕೂದಲು ಸಿಕ್ಕಿಸಿಟ್ಟು ಹೋದರೆ ಮಧ್ಯಾಹ್ನ ಕೂದಲು ಮಾಯ. ನಿಮಿಷಗಳು ದಿನಾ ಇಪ್ಪತ್ತೈದು, ಮೂವತ್ತು ಹೆಚ್ಚುತ್ತಿದ್ದವು. ಮುಚ್ಚಳದ ಕೀಲಿನಲ್ಲಿ ಹಿಟ್ಟಿನಂಥ ಬಿಳಿ ಪುಡಿ ಸಿಕ್ಕಿತು. ಮೂಸಿ ನೋಡಿದಳು. ಸಂಜೆ ಅಂಗಡಿಯಿಂದ ಬಂದಾಗ ಅವರ ಅಂಗಿಯಿಂದ ಬರುವ ವಾಸನೆಯೇ! ಇನ್ನೇನು ಬೇಕು?

ನಾಲ್ಕನೆಯ ದಿನ ಮೊದಲ ಪೀರಿಯಡ್ಡಿನಲ್ಲೇ ಅವಳಿಗೆ ಹೊಟ್ಟೆನೋವು ಬಂತು. ಇಂಥ ಹೊಟ್ಟೆನೋವು ಬರಿಸಿಕೊಳ್ಳುವುದರಲ್ಲಿ ಅವಳು ಪಳಗಿದವಳು. ಟೀಚರು ಮನೆಗೆ ಫೋನು ಮಾಡುತ್ತೇನೆಂದಾಗ "ಮನೇಲಿ ಇದ್ದಾರೆ ಮಿಸ್, ಎರಡೇ ಬೀದಿ, ನಾನೇ ಹೋಗ್ತೀನಿ" ಎಂದಳು. ಮನೆಯಲ್ಲಿ ಯಾರಿದ್ದಾರೆಂದು ಮಾತ್ರ ಹೇಳಲಿಲ್ಲ. ಒಂಬತ್ತೂವರೆಗೆ ಬೀಗದ ಕೈಯನ್ನು ಸದ್ದಾಗದ ಹಾಗೆ ತಿರುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತಾ ಒಳಗೆ ಬಂದಳು.

ಅಡುಗೆಮನೆಯ ಮೇಜಿನ ಬಳಿ, ಕಿಟಕಿಯ ಬೆಳಕಿಗೆ ಬೆನ್ನು ಬಗ್ಗಿಸಿ ಕೂತಿದ್ದರು ಕನ್ನಡಕದವರು. ಒಂದು ಕಣ್ಣಿಗೆ ಅಂಗಡಿಯಲ್ಲಿ ಬಳಸುವ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು. ಮೇಜಿನ ಮೇಲೆ ಒಂದು ಮೆತ್ತನೆಯ ಬಟ್ಟೆ, ಒಂದು ಪುಟ್ಟ ಬಾಟಲಿ. ಕೈಯಲ್ಲಿ ಡಬ್ಬಿ. ಅದರೊಳಗಿಂದ ಗುಮ್ಮಣ್ಣನ ಹೂಂಕಾರ ಕೇಳಿಸಿತು. ಅವಳು ಭುಜದ ಮೇಲಿಂದ ಇಣುಕಿದಳು. ಪರದೆಯ ಮೇಲೆ ಅದೇ ಪ್ರಶ್ನೆ. ಕಡ್ಡಿಯ ತುದಿ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು.

"ಮುಟ್ಟಬೇಡಿ!" ಎಂದು ಕಿರುಚಿ ಅವಳು ಡಬ್ಬಿಯನ್ನು ಎರಡೂ ಕೈಯಿಂದ ಕಸಿದುಕೊಂಡಳು.

ಕಸಿದುಕೊಂಡಾಗ ಅವಳ ಹೆಬ್ಬೆರಳು ಪರದೆಯ ಮೇಲೆ ಬಿತ್ತು. "ಹೌದು" ಒಮ್ಮೆ ಮಿನುಗಿತು. ರೇಂಜರಿನ ಹೆಗಲಿನಿಂದ ಬಿಳಿ ಗೂಬೆ ಎದ್ದಿತು, ಗೇಟಿನ ಮೇಲೆ ಹಾದು ಮರಗಳಾಚೆ ಹೋಯಿತು. ನಿಮ್ಮ ಸಂಗಾತಿ ಕಾಡಿಗೆ ಮರಳಿದೆ, ಆಟವನ್ನು ಉಳಿಸಲಾಗಿದೆ ಎಂಬ ಅಕ್ಷರ ಬಂತು. ಅಷ್ಟೇ. ಹದಿನಾಲ್ಕು ತಿಂಗಳು ಕಾಪಾಡಿಕೊಂಡು ಬಂದದ್ದು ಹೋಗಲು ನಾಲ್ಕು ಸೆಕೆಂಡೂ ಹಿಡಿಯಲಿಲ್ಲ.

"ಮಾಡಿದ್ರಲ್ಲಾ! ನೀವೇ ಮಾಡಿದ್ದು! ನಿಮ್ಮಿಂದಲೇ ಹೋಯ್ತು!" ನಾಲ್ಕು ತಿಂಗಳಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು ಅದು.

ಕನ್ನಡಕದವರು ಭೂತಗನ್ನಡಿ ತೆಗೆದರು. ಮುಖ ಬಿಳಿಚಿಕೊಂಡಿತ್ತು. "ನಾನು ದಿನಾ ಇಲ್ಲ ಅಂತಲೇ ಒತ್ತೋದು" ಎಂದರು ತಡವರಿಸುತ್ತಾ. "ಈ ಎಡಗಡೆ ಮೂಲೇಲಿ ಗೀರು ಬಿದ್ದಿತ್ತು ನೋಡು. ಗೆರೆ ಅಲ್ಲಿಗೆ ಬಂದಾಗೆಲ್ಲ ಕಟ್ಟಾಗಿ ನೀನು ಹಲ್ಲು ಕಚ್ತಿದ್ದೆ. ಕನ್ನಡಕದ ಗೀರು ತೆಗೆಯೋ ಪುಡಿ ಇದು. ಒಂದೇ ಸಲ ಉಜ್ಜಿದ್ರೆ ಪರದೆ ಹಾಳಾಗುತ್ತೆ. ದಿನಾ ಸ್ವಲ್ಪ ಉಜ್ಜೋದು, ಗೆರೆ ಎಳೆದು ನೋಡೋದು. ಅದಕ್ಕೇ ತೆಗೀತಿದ್ದೆ."

"ನನ್ನ ಕೇಳ್ಬಹುದಿತ್ತಲ್ಲ!"

"ಕೇಳಿದ್ರೆ ಕೊಡ್ತಿದ್ಯಾ?"

ಅವಳು ಕೊಡುತ್ತಿರಲಿಲ್ಲ. ಕೋಣೆಗೆ ಓಡಿ ಚಿಲಕ ಹಾಕಿಕೊಂಡು, ದಿಂಬಿಗೆ ಮುಖ ಒತ್ತಿ, ಮೂಗು ಕಟ್ಟುವಷ್ಟು ಅತ್ತಳು.

ಅತ್ತು ಸಾಕಾದ ಮೇಲೆ ಹಳೇ ಚಾಳಿ ಬಿಡಬೇಕಲ್ಲ. ಹೇಳಿದ್ದೆಲ್ಲ ಸುಳ್ಳಿರಬಹುದು ಎಂದು ಡಬ್ಬಿ ತೆರೆದಳು. ಎಡಮೂಲೆಯಲ್ಲಿ ಕಡ್ಡಿ ಆಡಿಸಿದಳು. ಗೆರೆ ಎಲ್ಲೂ ಕಡಿಯಲಿಲ್ಲ. ಈಚೆಗೆ ಚೆನ್ನಾಗಿ ಆಡುತ್ತಿದ್ದೇನೆ, ಕೈ ಪಳಗಿದೆ ಎಂದು ತಾನು ಬೀಗುತ್ತಿದ್ದದ್ದು ನೆನಪಾಗಿ ಕಿವಿ ಬಿಸಿಯಾಯಿತು. ಯಾವ ಪ್ರಾಣಿ ಎಷ್ಟು ಸಲ ಒಲಿಯಿತು ಎಂಬ ಪಟ್ಟಿ ಗೇಮಿನಲ್ಲೇ ಇತ್ತು. ಅದನ್ನೂ ನೋಡಿದಳು. ಅವಳು ಆಡದೆ ಏರಿದ್ದು ಒಂದೇ ಲೆಕ್ಕ: ಗೇಟಿನ ಬಳಿಯೇ ಓಡಾಡುವ, ಎಳೆಮಕ್ಕಳೂ ಒಲಿಸಿಕೊಳ್ಳಬಹುದಾದ ಪೆದ್ದು ಅಳಿಲಿನದು. ಪಾಪ, ಆ ಮನುಷ್ಯ ಗೇಟು ದಾಟಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಹನ್ನೊಂದಾದರೂ ಅವರು ಅಂಗಡಿಗೆ ಹೋಗಲಿಲ್ಲ. ಒಮ್ಮೆ ಬಾಗಿಲ ಹೊರಗೆ ನಿಂತು "ಹೊಟ್ಟೆನೋವು ಹೇಗಿದೆ?" ಎಂದರು. ಹೊಟ್ಟೆನೋವಿನ ವಿಷಯ ಅವಳಿಗೇ ಮರೆತುಹೋಗಿತ್ತು. ಟೀಚರು ಕೊನೆಗೂ ಫೋನು ಮಾಡಿದ್ದರೆಂದು ಕಾಣುತ್ತದೆ.

ಎರಡು ಗಂಟೆಗೆ ಅಮ್ಮ ಬಂದಳು. ಬ್ಯಾಗು ಇಡುವ ಸದ್ದು, "ಏನ್ರೀ, ಅಂಗಡಿ ತೆಗೆದಿಲ್ವಾ?" ಎಂಬ ಮಾತು. ಪತ್ತೇದಾರಿ ಬಾಗಿಲಿಗೆ ಕಿವಿ ಹಚ್ಚಿದಳು. ಈಗ ಹೇಳುತ್ತಾರೆ, ನಿನ್ನ ಮಗಳೇ ಒತ್ತಿದ್ದು ಎಂದು. ಹೇಳಲಿ, ಆಗ ತಾನೂ ಹೇಳುವುದಿದೆ.

"ಅವಳ ಡಬ್ಬಿ ತೆಗೆದಿದ್ದೆ. ಗೂಬೆ ಹೋಯ್ತು" ಎಂದರು ಕನ್ನಡಕದವರು.

"ಹೋಯ್ತು ಅಂದ್ರೆ? ಒತ್ತಿದ್ದು ಯಾರು?"

"ನಾನೇ."

ಅಮ್ಮ ಕೂಗಾಡುವವಳಲ್ಲ. ಸಿಟ್ಟು ನೆತ್ತಿಗೇರಿದಾಗ ಅವಳ ದನಿ ಇಳಿಯುತ್ತಿತ್ತು, ಅದೇ ಭಯ. "ಒಂದೇ ಒಂದು ಮಾತು ಕೇಳಿದ್ದೆ ನಿಮ್ಮನ್ನ. ಒಂದೇ ಒಂದು. ಅವರಪ್ಪ ಅವಳಿಗೆ ಅಂತ ಬಿಟ್ಟು ಹೋಗಿದ್ದು ಅದಿಷ್ಟೇ. ಅದನ್ನೂ ಉಳಿಸಲಿಲ್ಲ ನೀವು. ಅವಳ ಮುಖ ಹೇಗೆ ನೋಡ್ಲಿ ನಾನು?" ಅದೇ ದನಿಯಲ್ಲಿ, "ಕೆಲವು ದಿನ ನಿಮ್ಮ ತಂಗಿ ಮನೇಲಿರಿ. ಈಗಲೇ ಹೊರಡಿ. ಆಮೇಲೆ ನೋಡೋಣ" ಎಂದಳು.

"ಸರಿ" ಎಂದರು ಅವರು.

ಪತ್ತೇದಾರಿಗೆ ಬೇಕಾಗಿದ್ದು ಕೈಗೆ ಬಂದಿತ್ತು. ಮಾಡಬೇಕಾದ್ದು ಇಷ್ಟೇ: ಬಾಯಿ ಮುಚ್ಚಿಕೊಂಡು ಕೂರುವುದು. ಅಮ್ಮ ಮತ್ತು ತಾನು, ಇಬ್ಬರೇ, ಮೊದಲಿನ ಹಾಗೆ. ಇದೂ ಒಂದು ಸುತ್ತೇ ಇರಬಹುದು, ಎಲ್ಲಕ್ಕಿಂತ ದೊಡ್ಡ ಸುತ್ತು, ನಾನು ಕರಗಿ ಹೊರಗೆ ಬರಲಿ ಅಂತ ಹೂಡಿದ್ದು ಎಂದು ಅನುಮಾನ ಕೊನೆಯ ಸಲ ತಲೆ ಎತ್ತಿತು. ಆದರೆ ಒಲಿಸಿಕೊಳ್ಳಬೇಕೆಂದವರು ಯಾರಾದರೂ ಹೀಗೆ ಮನೆಯನ್ನೇ ಬಿಟ್ಟು ಹೊರಡುತ್ತಾರೆಯೇ? ಹೊರಗೆ ಬೂಟುಗಳನ್ನು ನೆಲದ ಮೇಲೆ ಇಟ್ಟ ಸದ್ದಾಯಿತು. ಇನ್ನೊಬ್ಬರು ಈ ಮನೆಯಿಂದ ಹೀಗೆ ಹೊರಟ ದಿನವೂ ಅವಳು ಇದೇ ಬಾಗಿಲ ಹಿಂದೆ ನಿಂತಿದ್ದಳು.

ಅವಳು ಚಿಲಕ ತೆಗೆದಳು.

"ಅಮ್ಮಾ, ಅವರನ್ನ ಬೈಬೇಡ. ಒತ್ತಿದ್ದು ನಾನು. ಕಿತ್ಕೊಳ್ಳೋಕೆ ಹೋಗಿ ನಾನೇ ಒತ್ತಿಬಿಟ್ಟೆ. ಹೊಟ್ಟೆನೋವೂ ಸುಳ್ಳು."

ಅಮ್ಮ ಮಗಳನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು, ಕುರ್ಚಿಯ ಮೇಲೆ ಕೂತುಬಿಟ್ಟಳು. ಕನ್ನಡಕದವರು ಬಾಗಿಲ ಬಳಿ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಹಾಕಿಕೊಳ್ಳಬೇಕೋ ಬಿಚ್ಚಬೇಕೋ ಅವರಿಗೆ ತಿಳಿದ ಹಾಗೆ ಕಾಣಲಿಲ್ಲ.

"ಊಟಕ್ಕೆ ಬನ್ನಿ" ಎಂದಳು ಪತ್ತೇದಾರಿ. ಗೋಡೆಗಲ್ಲ, ಅವರಿಗೇ ಹೇಳಿದಳು.

ಅವರು ಕೈಯಲ್ಲಿದ್ದ ಬೂಟನ್ನು ಗೂಡಿನಲ್ಲಿಟ್ಟು, ಕಾಲಲ್ಲಿದ್ದುದರ ಲೇಸು ಬಿಚ್ಚಲು ಬಗ್ಗಿದರು. ಅವಸರದಲ್ಲಿ ಕಟ್ಟಿದ ಗಂಟು ಬಿಗಿದುಕೊಂಡಿತ್ತು. ಅವರು ಬಿಚ್ಚುವವರೆಗೆ ಅವಳು ಅಲ್ಲೇ ನಿಂತಿದ್ದಳು.