ಕೆಂಪು ದಾರದ ನಕ್ಷೆ

ವಡೋದರಾದ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದುತ್ತಿದ್ದ ಪ್ರತೀಕ್ಷಾಳಿಗೆ ಪದವಿ ಕೈಗೆ ಬರಲು ಒಂದೇ ಒಂದು ಬಾಕಿ ಇತ್ತು. ಗಣಿತ, ಅಂಕಿಸಂಖ್ಯಾಶಾಸ್ತ್ರ, ವರ್ಕ್‌ಶಾಪು, ಯಾರೂ ಮನಸ್ಸಿಟ್ಟು ಕೇಳದ ಪರಿಸರ ಅಧ್ಯಯನ, ಎಲ್ಲವನ್ನೂ ದಾಟಿಯಾಗಿತ್ತು. ಉಳಿದದ್ದು ಕೊನೆಯ ವರ್ಷದ ಪ್ರಾಜೆಕ್ಟು. ಅದರ ನಿಯಮ ಹೇಳುವುದಕ್ಕೇನೋ ಸುಲಭ. ಕೆಲಸ ನಡೆಯುತ್ತಿರುವ ಜಾಗವೊಂದಕ್ಕೆ ಹೋಗಿ ಅಲ್ಲಿ ಏನು ವ್ಯರ್ಥವಾಗುತ್ತಿದೆ ಎಂದು ಕಂಡುಹಿಡಿಯಬೇಕು, ಒಂದು ಬದಲಾವಣೆ ಮಾಡಬೇಕು, ಆ ಬದಲಾವಣೆ ನಿಜವಾಗಿಯೂ ನಡೆಯುತ್ತಿದೆಯೇ ಎಂದು ಗೈಡ್ ಬಂದು ಕಣ್ಣಾರೆ ನೋಡಬೇಕು. ಇಲ್ಲವಾದರೆ ಇನ್ನೊಂದು ವರ್ಷ. ಅಹಮದಾಬಾದಿನ ಕಂಪನಿಯೊಂದು ಕೆಲಸ ಕೊಡುವುದಾಗಿ ಹೇಳಿತ್ತು. ಪದವಿ ತಪ್ಪಿದರೆ ಅದೂ ತಪ್ಪುತ್ತಿತ್ತು.

ಸೂರತ್‌ನ ಕತಾರ್‌ಗಾಮ್‌ನಲ್ಲಿ, ಅವಳ ಮನೆಯ ಹತ್ತಿರವೇ, ವಜ್ರ ಉಜ್ಜುವ ಕಾರ್ಖಾನೆಯೊಂದರ ಮಾಲೀಕರು ಮೊದಲು ಒಪ್ಪಿದ್ದರು. ಆದರೆ ಸ್ಟಾಪ್‌ವಾಚ್ ಹಿಡಿದು ಬಂದ ಹುಡುಗಿಯನ್ನು ಕಂಡದ್ದೇ ಕೆಲಸಗಾರರು ಚಕ್ರ ನಿಲ್ಲಿಸಿ ಮುಖ ತಿರುಗಿಸಿದರು. ಅದನ್ನು ತಪ್ಪೆನ್ನಲಾಗದು. ಪ್ರತೀಕ್ಷಾ ಓದುವಾಗ ಯಾರಾದರೂ ತಲೆಯ ಮೇಲೆ ಗಡಿಯಾರ ಹಿಡಿದು ನಿಂತಿದ್ದರೆ ಅವಳು ಪುಸ್ತಕವನ್ನೇ ಎಸೆಯುತ್ತಿದ್ದಳು. ಬೇರೆ ಕಾರ್ಖಾನೆ ಹುಡುಕಲು ಹೊತ್ತಿರಲಿಲ್ಲ. ಕಾಲೇಜು ಕೊನೆಗೆ ಅವಳ ಅಪ್ಪನ ಹೋಟೆಲಿಗೆ ಒಪ್ಪಿಗೆ ಕೊಟ್ಟಿತು.

ಅವಳ ಅಪ್ಪ ಪದ್ಮನಾಭರು ಉಡುಪಿ ಕಡೆಯಿಂದ ಬಂದು ಸೂರತ್‌ನಲ್ಲಿ ಹೋಟೆಲು ಹಾಕಿದವರು. ಊರು ಬಿಟ್ಟರೂ ಊರಿನ ಒಂದು ರೂಢಿಯನ್ನು ಅವರು ಬಿಟ್ಟಿರಲಿಲ್ಲ. ಅಲ್ಲಿ ಮದುವೆ ಊಟದಲ್ಲಿ ಮನೆಯ ಯಜಮಾನ ಕೂರುವ ಹಾಗಿಲ್ಲ. ಪಂಕ್ತಿಯ ನಡುವೆ ಓಡಾಡುತ್ತ ಪ್ರತಿ ಎಲೆಯ ಮುಂದೆ ನಿಂತು ‘ನಿಧಾನ ಆಗ್ಲಿ’ ಎನ್ನಬೇಕು. ಇಲ್ಲಿ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದವರು ವಜ್ರದ ಕೆಲಸಗಾರರು, ಬೇಗ ಉಂಡು ಬೇಗ ಓಡಬೇಕಾದವರು. ಅವರಿಗೆ ಪದ್ಮನಾಭರು ದಿನವೂ ಅಚ್ಚ ಕನ್ನಡದಲ್ಲಿ ನಿಧಾನ ಮಾಡಿ ಎಂದು ಹೇಳುತ್ತಿದ್ದರು! ಅರ್ಥ ಯಾರಿಗೂ ಗೊತ್ತಿರಲಿಲ್ಲ. ಅದೊಂದು ಬಗೆಯ ನಮಸ್ಕಾರ ಎಂದುಕೊಂಡು ಅವರೂ ‘ನಿಧಾನ ಆಗ್ಲಿ, ಶೇಟ್’ ಎಂದು ತಿರುಗಿ ಹೇಳಿ ಗಬಗಬ ಉಣ್ಣುತ್ತಿದ್ದರು.

ಪ್ರತೀಕ್ಷಾ ಮೂಲೆಯ ಮೇಜಿನಲ್ಲಿ ಕೂತು ಎಲ್ಲರ ಓಡಾಟವನ್ನೂ ಅಳೆದಳು. ಥರ್ಮೋಕೋಲಿನ ಮೇಲೆ ಹೋಟೆಲಿನ ನಕ್ಷೆ ಅಂಟಿಸಿ, ಮೇಜು, ಒಲೆ, ನೀರಿನ ಡ್ರಮ್ಮು ಇದ್ದ ಕಡೆ ಗುಂಡುಪಿನ್ನು ಚುಚ್ಚಿ, ಯಾರು ಎಲ್ಲಿಂದ ಎಲ್ಲಿಗೆ ಹೋದರೋ ಹಾಗೆ ದಾರ ಎಳೆದಳು. ಬಡಿಸುವವರಿಗೆ ನೀಲಿ, ಅಡುಗೆಯವರಿಗೆ ಹಸಿರು, ಅಪ್ಪನಿಗೆ ಕೆಂಪು. ಕೊನೆಗೆ ನೋಡಿದರೆ ಕೆಂಪು ದಾರದ ಕೆಳಗೆ ನಕ್ಷೆಯೇ ಕಾಣುತ್ತಿರಲಿಲ್ಲ. ಆ ಇಕ್ಕಟ್ಟಿನಲ್ಲಿ ಪದ್ಮನಾಭರಿಗೆ ದಾರಿ ಬಿಡಲೆಂದೇ ಬಡಿಸುವವರು ತಟ್ಟೆ ಹಿಡಿದು ನಿಲ್ಲುತ್ತಿದ್ದರು, ಬಾಗಿಲ ಹೊರಗೆ ಜನ ಕಾಯುತ್ತಿದ್ದರು. ವ್ಯರ್ಥ ಯಾವುದು ಎಂದು ಹುಡುಕುವ ಕಷ್ಟವೇ ಇರಲಿಲ್ಲ. ಅದನ್ನು ಅಪ್ಪನಿಗೆ ಹೇಳುವುದು ಹೇಗೆ ಎಂಬುದೊಂದೇ ಕಷ್ಟ.

“ಪಪ್ಪಾ, ಬುರಾ ಮತ್ ಮಾನೋ, ಬೇಜಾರು ಮಾಡ್ಬೇಡಿ,” ಎಂದಳು ಸಂಜೆ. “ಊಟದ ಟೈಮಲ್ಲಿ ನೀವು ನಡಿಯೋದೇ ಪ್ರಾಬ್ಲಮ್. ನೀವು ಗಲ್ಲಾದಲ್ಲಿ ಕೂತ್ರೆ ಎಲ್ಲ ಸರಿ ಆಗ್ತದೆ.”

ಅಮ್ಮ ಲಕ್ಷ್ಮಿ ಒಳಗಿನಿಂದಲೇ ಸಿಡಿದರು. “ಯಜಮಾನ ಕೂತ್ಕೊಂಡು, ಬಂದವರು ಉಣ್ಣುದಾ? ಇದೆಂಥ ಓದು ಮಾರಾಯ್ತಿ ನಿಂದು!”

ಪದ್ಮನಾಭರು ಕೆಂಪು ದಾರದ ಮೇಲೆ ಬೆರಳಾಡಿಸಿದರು.

“ಇಷ್ಟೂ ನಾನು ನಡ್ದದ್ದಾ?”

“ಹಾಂ, ಪಪ್ಪಾ.”

“ನಿನ್ನ ಡಿಗ್ರಿಗೆ ನಾನು ಕೂತ್ಕೊಳ್ಬೇಕು, ಅಷ್ಟೇ ಅಲ್ವಾ? ಆಯ್ತು, ಕೂತ್ಕೊಳ್ತೇನೆ.”

ದೊಡ್ಡ ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ಪ್ರತೀಕ್ಷಾಳಿಗೆ ಇದು ಇನ್ನೂ ಕಷ್ಟವಾಯಿತು. ತನಗಾಗಿ ಅಪ್ಪ ಮರ್ಯಾದೆಯನ್ನೇ ಬಿಟ್ಟುಕೊಟ್ಟರು ಎಂದುಕೊಂಡು ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಗೈಡ್ ವಿಭಾ ಮೇಡಂ ವಡೋದರಾದಿಂದ ರೈಲಿನಲ್ಲಿ ಬಂದವರು ಸರಿಯಾಗಿ ಊಟದ ಹೊತ್ತಿಗೆ ಹೋಟೆಲಿನೊಳಗೆ ಕಾಲಿಟ್ಟರು. ಪದ್ಮನಾಭರು ಗಲ್ಲಾದ ಹಿಂದೆ ಕುರ್ಚಿಯಲ್ಲಿದ್ದರು. ತಟ್ಟೆಗಳು ಎಲ್ಲೂ ನಿಲ್ಲದೆ ಸರಸರ ಮೇಜು ಸೇರುತ್ತಿದ್ದವು. ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ ಕಿಟಕಿ ಬದಿಯ ಮೇಜಿನಿಂದ ಹಳೇ ಗಿರಾಕಿಯೊಬ್ಬ “ನಿಧಾನ ಆಗ್ಲಿ, ಶೇಟ್!” ಎಂದು ಕೂಗಿದ. ಪದ್ಮನಾಭರು ಅರ್ಧ ಎದ್ದೇಬಿಟ್ಟರು. ಅವರು ಮಗಳ ಕಡೆ ಒಮ್ಮೆ ನೋಡಿ, ಕೈಯೆತ್ತಿ ಬೀಸಿ, ಮೆಲ್ಲಗೆ ಕೂತರು.

ಮೇಡಂ ದಾರದ ನಕ್ಷೆಯನ್ನೂ ಅವಳು ಬರೆದ ವೇಳೆಗಳನ್ನೂ ನೋಡಿದರು. “ಒಂದು ಅನುಮಾನ. ಮಾಲೀಕರು ಬೆಳಿಗ್ಗೆ ತಿಂಡಿಯ ಹೊತ್ತಿಗೂ ಇದೇ ದಾರಿ ನಡೆಯುತ್ತಿದ್ದರು. ಮಧ್ಯಾಹ್ನ ಅದಕ್ಕೇ ಅಷ್ಟು ಹೆಚ್ಚು ಹೊತ್ತು ಯಾಕೆ?”

“ಜನರ ಹತ್ತಿರ ಮಾತಾಡುತ್ತಾರೆ ಮೇಡಂ,” ಎಂದಳು ಪ್ರತೀಕ್ಷಾ ಥಟ್ಟನೆ. ಮೇಡಂ ತಲೆಯಾಡಿಸಿ ಸಹಿ ಹಾಕಿದರು.

ಅವರು ಹೋದ ಮೇಲೆ, ಮೇಜುಗಳು ಖಾಲಿಯಾದ ಮೇಲೆ, ಅವಳು ತಟ್ಟೆ ಹಾಕಿಸಿಕೊಂಡು ಕೂತಳು. ಹೊಟ್ಟೆಯೂ ಹಸಿದಿತ್ತು, ಮನಸ್ಸೂ ಹಗುರವಾಗಿತ್ತು.

“ಪಪ್ಪಾ, ಪಾಸ್! ನಾಳೆಯಿಂದ ನೀವು ಫಿರ್ ಸೇ ಮೊದ್ಲಿನ ಹಾಗೆ ನಡೀಬಹುದು.”

“ಬೇಡ ಮಗಾ.” ಪದ್ಮನಾಭರು ಪಂಚೆಯನ್ನು ಸ್ವಲ್ಪ ಮೇಲೆ ಸರಿಸಿದರು. ಬಲ ಮೊಣಕಾಲು ಊದಿಕೊಂಡು ಚಿಪ್ಪೇ ಕಾಣದಂತಾಗಿತ್ತು. “ನೀನು ಕಾಲೇಜಿಗೆ ಹೋಗುವ ಮೊದ್ಲೇ ಶುರು ಆದದ್ದು ಇದು. ಬೆಳಿಗ್ಗೆ ಹೇಗೋ ನಡೀತದೆ, ಮಧ್ಯಾಹ್ನ ಆಗುವಾಗ ಎಳ್ಕೊಂಡು ಹೋಗುದು. ಉಣ್ಣುವವರ ಎದ್ರು ಯಜಮಾನ ಕೂರ್ಲಿಕ್ಕುಂಟಾ? ಈಗ ನಿನ್ನ ಕಾಲೇಜೇ ಕೂರ್ಲಿಕ್ಕೆ ಹೇಳಿತಲ್ಲ, ನಿನ್ನ ಅಮ್ಮನೂ ಎಂತ ಹೇಳುದಿಲ್ಲ. ನಂಗೆ ಭಾರೀ ಉಪಕಾರ ಆಯ್ತು.”

ಅವರು ನಕ್ಕರು. ಪ್ರತೀಕ್ಷಾಳಿಗೆ ನಗು ಬರಲಿಲ್ಲ. ದಿನಗಟ್ಟಲೆ ಮೂಲೆಯಲ್ಲಿ ಕೂತು ಅವಳು ಕಣ್ಣು ಕೀಲಿಸಿದ್ದು ಇದೇ ಕಾಲುಗಳ ಮೇಲೆ. ಎಲ್ಲಿಂದ ಎಲ್ಲಿಗೆ ಹೋದವು ಎಂದು ಅವಳಿಗೆ ಗೊತ್ತಿತ್ತು, ಎಷ್ಟು ಹೊತ್ತು ಹಿಡಿಯಿತು ಎಂದೂ ಗೊತ್ತಿತ್ತು. ಕುಂಟುತ್ತಿದ್ದವು ಎಂಬುದು ಮಾತ್ರ ಕಂಡಿರಲಿಲ್ಲ. ಗೋಡೆಗೊರಗಿಸಿದ್ದ ನಕ್ಷೆಯಲ್ಲಿ ಕೆಂಪು ದಾರ ಪಿನ್ನಿನಿಂದ ಪಿನ್ನಿಗೆ ನೆಟ್ಟಗೆ ಎಳೆದು ನಿಂತಿತ್ತು. ಅವಳಿಗೆ ನಾಚಿಕೆಯಾಯಿತು.

ಮಗಳ ಮುಂದೆ ತಟ್ಟೆ ಇರುವುದನ್ನು ನೋಡಿ ಪದ್ಮನಾಭರು ಅಭ್ಯಾಸಬಲದಿಂದ ಗಲ್ಲಾಕ್ಕೆ ಕೈಯೂರಿ ಏಳತೊಡಗಿದರು.

“ಏಳ್ಬೇಡಿ,” ಎಂದಳು ಪ್ರತೀಕ್ಷಾ. ತಟ್ಟೆ ಎತ್ತಿಕೊಂಡು ಬಂದು ಅವರ ಕುರ್ಚಿಯ ಪಕ್ಕ ಸ್ಟೂಲು ಎಳೆದು ಕೂತಳು. “ಈಗ ಹೇಳಿ.”

“ನಿಧಾನ ಆಗ್ಲಿ,” ಎಂದರು ಪದ್ಮನಾಭರು.

ಪ್ರತೀಕ್ಷಾ ನಿಧಾನವಾಗಿಯೇ ಉಣ್ಣತೊಡಗಿದಳು.