ಪರದೆ ಎಳೆದ ಬೀದಿ

ಎಲ್ಮ್ ಸ್ಟ್ರೀಟಿನಲ್ಲಿ ಸಾವನ್ನು ಯಾರೂ ಬಾಯಿಬಿಟ್ಟು ಸಾರುತ್ತಿರಲಿಲ್ಲ. ಹೆರಿಗೆ ಮಾಡಿಸುವುದಕ್ಕೂ ಹೆಣ ತೊಳೆಯುವುದಕ್ಕೂ ಬೀದಿಗೆಲ್ಲ ಒಬ್ಬಳೇ ಆಗಿದ್ದ ಮಿಸೆಸ್ ಕ್ಲೆಗ್ ಮನೆಮನೆಯ ಬಾಗಿಲು ಬಡಿದುಕೊಂಡು ಹೋಗುವಳು. ಅವಳ ಹಿಂದೆಯೇ ಒಂದೊಂದು ಮನೆಯ ಮುಂಗಿಟಕಿಯ ಪರದೆಯೂ ಮುಚ್ಚಿಕೊಳ್ಳುವುದು. ಸಾವಿನ ಮನೆಯದು ಎಲ್ಲಕ್ಕಿಂತ ಮೊದಲು. ಹೆಣದ ಪೆಟ್ಟಿಗೆ ಬೀದಿ ದಾಟುವವರೆಗೆ ಅದನ್ನು ಸರಿಸುವಂತಿಲ್ಲ, ಎಷ್ಟೇ ಬಿಸಿಲಿರಲಿ. ಸಾಲ್ಫರ್ಡಿನಲ್ಲಿ ಬಿಸಿಲು ಎಷ್ಟಿರುತ್ತದೆ ಅನ್ನುವುದು ಬೇರೆ ಮಾತು. ಒಂಬತ್ತು ವರ್ಷದ ಎನಿಡ್‌ಗೆ ಅಕ್ಷರ ಓದುವ ಮೊದಲೇ ಪರದೆ ಓದಲು ಬರುತ್ತಿತ್ತು.

ಯುದ್ಧ ಮುಗಿದ ಎರಡನೆಯ ಚಳಿಗಾಲ ಅದು. ಜನವರಿಯಲ್ಲಿ ಶುರುವಾದ ಹಿಮ ಫೆಬ್ರವರಿ ಅರ್ಧವಾದರೂ ನಿಂತಿರಲಿಲ್ಲ. ಕಲ್ಲಿದ್ದಲಿನ ಗಾಡಿ ಬೀದಿಗೆ ಬಂದು ಹದಿನೇಳು ದಿನವಾಗಿತ್ತು. ಹಗಲಲ್ಲಿ ಐದು ತಾಸು ಕರೆಂಟಿಲ್ಲ. ಎನಿಡ್‌ಳ ತಮ್ಮ ಆಲ್ಫಿಗೆ ಎರಡೂವರೆ ವರ್ಷ, ಅಪ್ಪನ ಮುಖ ನೋಡಿದ ಕೂಸಲ್ಲ. ಯುದ್ಧ ಮುಗಿಯಲು ಎರಡು ತಿಂಗಳಿರುವಾಗ ಅಪ್ಪ ಜರ್ಮನಿಯ ಯಾವುದೋ ನದಿದಂಡೆಯಲ್ಲಿ ಮಣ್ಣಾಗಿದ್ದ. ಈಗ ಆಲ್ಫಿಯ ಎದೆ ಕಟ್ಟಿತ್ತು. ಉಸಿರೆಳೆದರೆ ಪಕ್ಕೆಲುಬು ಒಳಗೆ ಹೋಗುತ್ತಿತ್ತು.

ಗುರುವಾರ ಡಾಕ್ಟರು ಬಂದು ನೋಡಿ, "ಕೋಣೆ ಬೆಚ್ಚಗಿರ್ಬೇಕು. ಕೆಟಲ್ ಕುದೀತಾನೇ ಇರ್ಬೇಕು, ಹಬೆ ಮಗು ಮುಖಕ್ಕೆ ಬರ್ಲಿ. ಬೆಂಕಿ ಮಾತ್ರ ಆರೋ ಹಾಗಿಲ್ಲ," ಎಂದು ಹೇಳಿ ಕೈಗವಸು ಹಾಕಿಕೊಂಡು ಹೊರಟರು. ಬೆಂಕಿಗೆ ಏನು ಹಾಕಬೇಕು ಅನ್ನುವುದನ್ನು ಅವರು ಹೇಳಲಿಲ್ಲ. ಅಮ್ಮ ಐವಿ ಮೆಟ್ಟಿಲಿನ ಮರದ ಕೈಹಿಡಿ ಮುರಿದು ಹಾಕಿದಳು. ಆಮೇಲೆ ಅಡುಗೆಮನೆಯ ಕಪಾಟಿನ ಹಲಗೆ. ಆಮೇಲೆ ಅಪ್ಪನ ಕುರ್ಚಿ. ಕುರ್ಚಿ ಮುರಿಯುವಾಗ ಅವಳು ಅಳಲಿಲ್ಲ, ಬೈದಳು. ಯಾರನ್ನು ಬೈದಳೆಂದು ಎನಿಡ್‌ಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಕುರ್ಚಿಯ ಕೊನೆಯ ಕಾಲು ಉರಿಯುತ್ತಿತ್ತು. ಗ್ಯಾಸ್ ಕಾರ್ಖಾನೆಯ ಗೇಟಿನಲ್ಲಿ ಕೋಕ್ ಕೊಡುತ್ತಾರೆಂದು ಸುದ್ದಿ. ಕೋಕ್ ಅಂದರೆ ಕಲ್ಲಿದ್ದಲಿನಿಂದ ಅನಿಲ ಹಿಂಡಿ ತೆಗೆದ ಮೇಲೆ ಉಳಿಯುವ ಬೂದುಬಣ್ಣದ ಗಟ್ಟಿ. ಒಂದು ಗಾಡಿಗೆ ಒಂದೇ ಮೂಟೆ.

"ನಾನ್ ಹೋಗ್ತೀನಮ್ಮ. ನೀನು ಇವನ ಹತ್ರ ಇರು," ಅಂದಳು ಎನಿಡ್.

"ಕೂಸಿನ ಗಾಡೀಲಿರೋ ಕಂಬಳಿ ತೆಗೆದು ಅವನಿಗೆ ಹೊದಿಸು."

"ಹೊದಿಸಿದ್ದಾಯ್ತು. ಇನ್ನೂ ನಡುಗ್ತಾನೆ ಇದಾನೆ."

ಮನೆಯಲ್ಲಿ ಹೊದಿಸಲು ಮತ್ತೇನೂ ಉಳಿದಿರಲಿಲ್ಲ. ಮುಂಗಿಟಕಿಯಲ್ಲಿ ದಪ್ಪನೆಯ ಕರಿಯ ಬಟ್ಟೆಯೊಂದು ನೇತಾಡುತ್ತಿತ್ತು. ಬಾಂಬು ಹಾಕುವವರಿಗೆ ದೀಪದ ಬೆಳಕು ಕಾಣದಿರಲೆಂದು ಯುದ್ಧದ ಕಾಲದಲ್ಲಿ ಕಟ್ಟಿದ್ದು. ಬೇರೆಯವರು ಆಮೇಲೆ ಹೂವಿನ ಪರದೆ ಹಾಕಿಕೊಂಡರು. ಐವಿಯ ಪಾಲಿನ ಬಟ್ಟೆ ರೇಷನ್ ಕೂಪನ್ನುಗಳೆಲ್ಲ ಮಕ್ಕಳ ಬೂಟಿಗೇ ಹೋಗುತ್ತಿದ್ದವು. ಎನಿಡ್ ಸ್ಟೂಲು ಹತ್ತಿ ಆ ಪರದೆಯನ್ನು ಬಿಚ್ಚಿ, ತಮ್ಮನಿಗೆ ಎರಡು ಸುತ್ತು ಸುತ್ತಿದಳು. ಅವನು ಕಣ್ಣು ತೆರೆದು, "ಎನಿ," ಅಂದ. ಅವನಿಗೆ ಅಷ್ಟೇ ಬರುತ್ತಿದ್ದದ್ದು.

ಪಕ್ಕದ ಮನೆಯಲ್ಲಿ ಬಾರ್ಲೋ ತಾತನಿಗೂ ಅದೇ ಕೆಮ್ಮು. ವಯಸ್ಸು ಎಪ್ಪತ್ತೆಂಟು. ಗೋಡೆಯ ಆಚೆ ಅವನು, ಈಚೆ ಆಲ್ಫಿ, ಸರದಿ ಹಾಕಿಕೊಂಡಂತೆ ಕೆಮ್ಮುತ್ತಿದ್ದರು. "ಮುದುಕ ಭಾನುವಾರ ಕಾಣೋದಿಲ್ಲ," ಎಂದು ಮಿಸೆಸ್ ಕ್ಲೆಗ್ ಶುಕ್ರವಾರವೇ ತೀರ್ಪು ಕೊಟ್ಟಿದ್ದಳು. ಮೂಟೆಯ ಚೀಲ ಕೇಳಲು ಎನಿಡ್ ಹೋದಾಗ ತಾತ ಮೂರು ಕೋಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದ.

"ಏನೇ ಹುಡುಗಿ, ಹೆಣ ನೋಡೋಕೆ ಬಂದ್ಯಾ? ಇನ್ನೂ ರೆಡಿಯಾಗಿಲ್ಲ, ಸಾಯಂಕಾಲ ಬಾ."

"ಚೀಲ ಬೇಕು ತಾತ."

"ಬಾಗಿಲ ಹಿಂದೈತೆ ತಗೋ. ಬರಿಗೈಲಿ ಹೋಗ್ತೀಯಾ? ಇದನ್ನ ಹಾಕ್ಕೋ." ಅವನು ತನ್ನ ಉಣ್ಣೆಯ ಕೈಗವಸು ಕಳಚಿ ಕೊಟ್ಟ. "ವಾಪಸ್ ಕೊಡ್ಬೇಕು ಮತ್ತೆ. ನನ್ನ ಜೊತೆ ಹೂಳೋಕೆ ಬೇಕು, ಅಲ್ಲೂ ಚಳಿಯಂತೆ."

ಕಾರ್ಖಾನೆಯ ಗೋಡೆಯುದ್ದಕ್ಕೂ ಸಾಲು. ಕೂಸಿನ ಗಾಡಿಗಳು, ಚಕ್ರ ಕಟ್ಟಿದ ಪೆಟ್ಟಿಗೆಗಳು, ಬಾಂಬು ಬಿದ್ದ ಮನೆಯಿಂದ ಎಳೆದು ತಂದ ಒಂದು ಬಾಗಿಲು. ಅದಕ್ಕೆ ಹಗ್ಗ ಕಟ್ಟಿ ಹಿಮದ ಮೇಲೆ ಎಳೆಯುತ್ತಿದ್ದರು.

"ಯುದ್ಧ ಗೆದ್ದಿದ್ದು ನಾವೇ ತಾನೆ?" ಅಂದಳು ಎನಿಡ್‌ಳ ಮುಂದೆ ನಿಂತಿದ್ದ ದಪ್ಪ ಹೆಂಗಸು.

"ಪೇಪರ್‌ನೋರು ಹಂಗಂದ್ರಪ್ಪ," ಅಂದಳು ಅವಳ ಮುಂದಿನವಳು. "ನಮ್ಮನೆಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಎರಡು ಗಂಟೆ ಹೋಯಿತು, ಮೂರು ಹೋಯಿತು. ಎನಿಡ್‌ಗೆ ಕಾಲಿನ ಬೆರಳುಗಳು ತನ್ನವು ಅನ್ನಿಸಲಿಲ್ಲ. ಕುರ್ಚಿಯ ಕಾಲು ಇಷ್ಟು ಹೊತ್ತಿಗೆ ಬೂದಿಯಾಗಿರುತ್ತದೆ. ಕೆಟಲ್ ಸದ್ದು ನಿಲ್ಲಿಸಿರುತ್ತದೆ. ಆಗ ಗೇಟಿನವನು ಬಂದು ಗಾಡಿಗಳನ್ನು ಎಣಿಸಿ, ದಪ್ಪ ಹೆಂಗಸಿನ ಹಿಂದೆ ಕೈ ಅಡ್ಡ ಹಿಡಿದ.

"ಇವತ್ತಿಗಿಷ್ಟೇ. ಹಿಂದಿರೋರು ಮನೆಗೆ ಹೋಗಿ."

"ನನ್ನ ತಮ್ಮನಿಗೆ ಉಸಿರಾಡೋಕೆ ಆಗ್ತಿಲ್ಲ," ಅಂದಳು ಎನಿಡ್.

"ಇಲ್ಲಿರೋ ಎಲ್ಲರ ಮನೇಲೂ ಯಾರಿಗೋ ಏನೋ ಆಗಿದೆ ಮಗು. ನಾನೇನು ಕೋಕ್ ಹೆರಲಾ?"

ಎನಿಡ್ ಅಲ್ಲೇ ಹಿಮದ ಮೇಲೆ ಕೂತುಬಿಟ್ಟಳು. ಬೇಡಲಿಲ್ಲ, ಕಿರುಚಲಿಲ್ಲ, ಎದ್ದು ಹೋಗಲೂ ಇಲ್ಲ. ದಪ್ಪ ಹೆಂಗಸು ಒಂದು ಸಲ ಅವಳನ್ನು ನೋಡಿದಳು, ಒಂದು ಸಲ ಆಕಾಶ ನೋಡಿದಳು, ಆಮೇಲೆ ಯಾರಿಗೋ ಶಾಪ ಹಾಕುತ್ತ ತನ್ನ ಗಾಡಿಯನ್ನು ಸಾಲಿನಿಂದ ಎಳೆದುಕೊಂಡಳು. "ಹೋಗೇ ಮುಂದೆ, ನನ್ನ ಮನಸ್ಸು ಬದಲಾಗೋದ್ರೊಳಗೆ ಹೋಗು."

ಮೂಟೆ ಹೊತ್ತ ಗಾಡಿಯನ್ನು ಒಂದೂವರೆ ಮೈಲಿ ತಳ್ಳುವುದು ದೊಡ್ಡವರಿಗೂ ಕಷ್ಟ. ಎನಿಡ್ ಹಲ್ಲು ಕಚ್ಚಿ ತಳ್ಳಿದಳು. ಖುಷಿ ಅಂದರೆ ಖುಷಿ. ಒಂದು ಮೂಟೆಗೆ ಮೂರು ದಿನ. ಮೂರು ದಿನದಲ್ಲಿ ಎದೆ ಬಿಡುತ್ತದೆ. ಹೀಗೆ ಲೆಕ್ಕ ಹಾಕುತ್ತ ಮೂಲೆ ತಿರುಗಿದಳು. ಬೀದಿಯ ಪರದೆಗಳೆಲ್ಲ ಮುಚ್ಚಿದ್ದವು.

ಮಟಮಟ ಮಧ್ಯಾಹ್ನ. ಎರಡೂ ಕಡೆ, ಕೊನೆಯವರೆಗೂ. ಚಳಿಗೆ ಎಳೆದಿರುತ್ತಾರೆ ಅಂದುಕೊಂಡಳು. ಹಗಲು ಹೊತ್ತಿನಲ್ಲಿ, ಕರೆಂಟಿಲ್ಲದಾಗ, ಇರುವ ಬೆಳಕನ್ನೂ ಯಾರು ಮುಚ್ಚಿಕೊಳ್ಳುತ್ತಾರೆ? ತನಗೆ ತಾನೇ ಹೇಳಿಕೊಂಡ ಸುಳ್ಳು ನಿಲ್ಲಲಿಲ್ಲ. ಆಗ ದೂರದಲ್ಲಿ ತಮ್ಮ ಮನೆಯ ಕಿಟಕಿ ಕಂಡಿತು. ಅದೊಂದು ಮಾತ್ರ ತೆರೆದಿತ್ತು. ಗಾಜು ಬರಿದಾಗಿ ಹೊಳೆಯುತ್ತಿತ್ತು.

ಸಾವಿನ ಮನೆಯ ಪರದೆಯೇ ಮೊದಲು ಮುಚ್ಚಬೇಕು. ಹಾಗಾದರೆ ತಮ್ಮ ಮನೆಯಲ್ಲ. ಹಾಗಾದರೆ ಪಕ್ಕದ್ದು, ಪರದೆ ಮುಚ್ಚಿದ್ದು. ಬಾರ್ಲೋ ತಾತ. ಭಾನುವಾರ ಕಾಣೋದಿಲ್ಲ ಅಂದಿದ್ದರಲ್ಲ.

"ದೇವರೇ, ತಾತನೇ ಆಗಿರ್ಲಿ," ಅಂದಳು ಎನಿಡ್, ಗಟ್ಟಿಯಾಗಿಯೇ. ಹೇಳಿದ್ದು ಕಿವಿಗೆ ಬಿದ್ದರೂ ನಾಚಿಕೆಯಾಗಲಿಲ್ಲ. ಅಮ್ಮ ಕಿಟಕಿಯಲ್ಲಿ ತನ್ನ ದಾರಿ ಕಾಯಬೇಕೆಂದು ತೆರೆದಿಟ್ಟಿರುತ್ತಾಳೆ. ಮುದುಕರು ಸಾಯುವುದು ಇದ್ದದ್ದೇ. ಮಂಗಳವಾರ ಮಣ್ಣಿಗೆ ಹೋಗಿ ಚೆನ್ನಾಗಿ ಅತ್ತುಬಿಡುತ್ತೇನೆ. ಕೈಗವಸು ವಾಪಸ್ ಕೊಡುವ ಗೋಜಿಲ್ಲ, ನನಗೇ ಉಳಿಯಿತು. ಇಷ್ಟೆಲ್ಲ ಯೋಚನೆ ಹತ್ತು ಮನೆ ದಾಟುವುದರೊಳಗೆ ಬಂದು ಹೋಯಿತು, ಮತ್ತು ಅವಳು ನಿಜವಾಗಿ ಸಂತೋಷಪಟ್ಟಳು.

ಬಾರ್ಲೋ ತಾತನ ಬಾಗಿಲು ತೆರೆಯಿತು. ತಾತ ಹೊರಗೆ ಬಂದ. ಬಾಗಿಲಕಂಬ ಹಿಡಿದು, ಮೂರೂ ಕೋಟು ಹಾಕಿಕೊಂಡು, ಏದುಸಿರು ಬಿಡುತ್ತ ನಿಂತ. ಆಮೇಲೆ ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆ ಬೀದಿಯ ಗಂಡಸರು ಹಾಗೆ ಟೋಪಿ ತೆಗೆಯುವುದು ಸತ್ತವರ ಮನೆಯವರ ಮುಂದೆ ಮಾತ್ರ.

ಎನಿಡ್ ಗಾಡಿ ನಿಲ್ಲಿಸಿದಳು.

"ನಮ್ಮ ಪರದೆ ತೆರೆದೇ ಇದೆಯಲ್ಲ," ಅಂದಳು.

"ಎಳೆಯೋಕೆ ಪರದೆ ಎಲ್ಲಿತ್ತು ಕಣಮ್ಮ ನಿಮ್ಮನೇಲಿ."

ಅವಳಿಗೆ ಸ್ಟೂಲು ನೆನಪಾಯಿತು. ಎರಡು ಸುತ್ತು ಸುತ್ತಿದ್ದು ನೆನಪಾಯಿತು. ಆಮೇಲೆ ಹೊಟ್ಟೆಯೊಳಗಿನಿಂದ ಮಾತು ಎದ್ದು ಬಂತು.

"ನೀವಾಗ್ಬೇಕಿತ್ತು. ನಾನು ನೀವೇ ಅಂದ್ಕೊಂಡೆ. ನೀವೇ ಆಗ್ಲಿ ಅಂತ ಬೇಡ್ಕೊಂಡೆ."

ತಾತ ತಲೆಯಾಡಿಸಿದ. ಬರಿತಲೆಯ ಮೇಲೆ ಹಿಮ ಬೀಳುತ್ತಿತ್ತು. "ನಾನೂ ಅದನ್ನೇ ಬೇಡ್ಕೊಂಡೆ ಕಣಮ್ಮ. ಬೆಳಗ್ಗಿಂದ ಗೋಡೆಗೆ ಕಿವಿ ಇಟ್ಟು ಅದನ್ನೇ ಬೇಡ್ಕೊಂಡೆ."

ಅವನು ಗಾಡಿಯ ಹಿಡಿಗೆ ತನ್ನ ಬರಿಗೈ ಹಾಕಿದ. ಇಬ್ಬರೂ ಸೇರಿ ಆ ಒಂದು ಮನೆಯ ದೂರವನ್ನು ತಳ್ಳಿದರು.

ಒಳಗೆ ಒಲೆ ತಣ್ಣಗಿತ್ತು. ಮಿಸೆಸ್ ಕ್ಲೆಗ್ ಅಂಗಿಯ ತೋಳು ಮಡಿಚಿಕೊಂಡು ನೀರಿನ ಬೋಗುಣಿಯ ಮುಂದೆ ಕಾಯುತ್ತಿದ್ದಳು. ಐವಿ ಮಗುವನ್ನು ಮಡಿಲಿನಿಂದ ಇಳಿಸಿರಲಿಲ್ಲ. ಎನಿಡ್‌ಳನ್ನು ನೋಡಿ ಅವಳು, "ಕೋಕ್ ಸಿಕ್ತಾ?" ಎಂದು ಕೇಳಿದಳು.

"ಐವಿ, ನನ್ನ ಕೈಗೆ ಕೊಡವ್ವ ಈಗ," ಅಂದಳು ಮಿಸೆಸ್ ಕ್ಲೆಗ್.

ಐವಿ ನಿಧಾನವಾಗಿ ಕರಿಯ ಬಟ್ಟೆಯ ಒಂದು ಸುತ್ತು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಮಡಿಚಿ ಮಗಳ ಕೈಗೆ ಕೊಟ್ಟಳು. "ಹಾಕು ಎನಿಡ್. ನಮ್ಮದೊಂದೇ ತೆರೆದಿದೆ."

ಎನಿಡ್ ಸ್ಟೂಲು ಹತ್ತಿದಳು. ಬಟ್ಟೆಯಲ್ಲಿ ಆಲ್ಫಿಯ ಎದೆಗೆ ತಿಕ್ಕಿದ್ದ ಕರ್ಪೂರದೆಣ್ಣೆಯ ವಾಸನೆ ಇತ್ತು. ದೊಡ್ಡ ಕೈಗವಸಿನಲ್ಲಿ ಗಂಟು ಕಟ್ಟಲು ಬರಲಿಲ್ಲ. ಅದನ್ನು ಕಳಚಿ ಕೆಳಗೆ ಚಾಚಿದಳು. ಸ್ಟೂಲು ಹಿಡಿದು ನಿಂತಿದ್ದ ಬಾರ್ಲೋ ತಾತ ತೆಗೆದುಕೊಂಡ. ಅವಳು ಪರದೆ ಕಟ್ಟಿ, ಎಳೆದಳು.